ಯುದ್ಧಕಾಲದ ಮಡಿಕೆ ನಕ್ಷೆಗಳ ಸಂಗ್ರಹ: ಮೊದಲು ಅಂಚು ಓದಿ, ಆಮೇಲೆ ಮಡಿಕೆ ನೋಡಿ

ಪ್ರಶ್ನೆ: ನನ್ನ ಮುತ್ತಾತ ಮೈಸೂರು ಲ್ಯಾನ್ಸರ್ಸ್ ಪಡೆಯಲ್ಲಿದ್ದು, ಮೊದಲ ಮಹಾಯುದ್ಧದ ಕಾಲದಲ್ಲಿ ಪ್ಯಾಲೆಸ್ಟೈನ್‌ವರೆಗೂ ಹೋಗಿ ಬಂದವರು. ಅವರ ಟ್ರಂಕಿನಲ್ಲಿ ಬಟ್ಟೆಗೆ ಅಂಟಿಸಿದ, ಮಡಿಸಿಟ್ಟ ಇಂಗ್ಲಿಷ್ ನಕ್ಷೆಯೊಂದು ಸಿಕ್ಕಿದೆ. ಅದರ ಮೇಲೆ ಕೆಂಪು, ನೀಲಿ ಪೆನ್ಸಿಲಿನ ಗೆರೆಗಳೂ ಅಲ್ಲಲ್ಲಿ ನೇರಳೆ ಬಣ್ಣಕ್ಕೆ ತಿರುಗಿದ ಕೈಬರಹವೂ ಇವೆ. ಮಡಿಕೆಗಳು ಸವೆದಿವೆ. ಇದನ್ನು ಬಿಡಿಸಿ, ಚಪ್ಪಟೆ ಮಾಡಿ ಲ್ಯಾಮಿನೇಟ್ ಮಾಡಿಸಬಹುದೆ? ಇದರಿಂದ ಆಸಕ್ತಿ ಹುಟ್ಟಿ ಇಂಥ ನಕ್ಷೆಗಳನ್ನು ಕೊಳ್ಳಬೇಕೆಂದಿದ್ದೇನೆ. ಅಂತರ್ಜಾಲದಲ್ಲಿ ಸಾವಿರ ರೂಪಾಯಿಯಿಂದ ಲಕ್ಷದವರೆಗೆ ಬೆಲೆ ಹೇಳುತ್ತಾರೆ. ಅಸಲಿಯನ್ನು ಗುರುತಿಸುವುದು ಹೇಗೆ, ಯಾವುದಕ್ಕೆ ನಿಜವಾಗಿ ಬೆಲೆ, ಎಲ್ಲಿಂದ ಆರಂಭಿಸಬೇಕು? (ಓದುಗರು, ಮೈಸೂರು)

ಉತ್ತರ: ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿ ಮಾಡಿದ ಪ್ಲಾಸ್ಟಿಕ್ ಪದರ ಒಮ್ಮೆ ಕಾಗದಕ್ಕೆ ಅಂಟಿಕೊಂಡರೆ ಅದನ್ನು ಕಾಗದಕ್ಕೆ ಹಾನಿಯಾಗದಂತೆ ಬಿಡಿಸುವುದು ಸಾಧ್ಯವಿಲ್ಲ. ಹಿಂದಿನ ಬಟ್ಟೆ, ಅದನ್ನು ಹಿಡಿದಿರುವ ಹಳೆಯ ಗಂಜಿ, ಮೇಲಿನ ಪೆನ್ಸಿಲ್ ಗುರುತು ಎಲ್ಲವೂ ಒಂದೇ ಏಟಿಗೆ ಕೆಡುತ್ತವೆ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ತುರ್ತಿನದು. ನೀವು ಹೇಳುವ ನೇರಳೆ ಬರಹ ಬಹುಪಾಲು ಕಾಪಿಯಿಂಗ್ ಪೆನ್ಸಿಲಿನದು. ಗ್ರಾಫೈಟಿನ ಜೊತೆ ಅನಿಲೀನ್ ಬಣ್ಣ ಬೆರೆಸಿ ಮಾಡುತ್ತಿದ್ದ ಈ ಪೆನ್ಸಿಲ್ ಒಣಗಿದ್ದಾಗ ಬೂದು ಬಣ್ಣದಲ್ಲಿ ಬರೆಯುತ್ತದೆ, ತೇವ ತಾಗಿದೊಡನೆ ನೇರಳೆಯಾಗಿ ಹರಡುತ್ತದೆ. ಆ ಕಾಲದ ಸೈನ್ಯಾಧಿಕಾರಿಗಳು ಅದನ್ನು ಧಾರಾಳವಾಗಿ ಬಳಸುತ್ತಿದ್ದರು. ಆದ್ದರಿಂದ ಮಡಿಕೆ ಸಡಿಲಿಸಲೆಂದು ಒದ್ದೆ ಬಟ್ಟೆ ಹೊದಿಸುವುದು, ಆವಿ ಹಿಡಿಯುವುದು, ಇಸ್ತ್ರಿ ಹಾಕುವುದು ಇವನ್ನೆಲ್ಲ ಮರೆತುಬಿಡಿ. ಈಗ ಹೇಗಿದೆಯೋ ಹಾಗೆಯೇ ಒಣ ಜಾಗದಲ್ಲಿಟ್ಟು, ಒಮ್ಮೆ ಮಾತ್ರ ಮೆಲ್ಲಗೆ ಬಿಡಿಸಿ, ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಮುಂದಿನ ಅಭ್ಯಾಸವನ್ನೆಲ್ಲ ಆ ಫೋಟೊ ಮೇಲೆಯೇ ಮಾಡಬಹುದು.

ಇನ್ನು ನಿಮ್ಮ ಮನೆಯ ನಕ್ಷೆಯ ವಿಷಯ. ಮೈಸೂರು ಲ್ಯಾನ್ಸರ್ಸ್, ಹೈದರಾಬಾದ್ ಮತ್ತು ಪಟಿಯಾಲಾ ಸಂಸ್ಥಾನಗಳ ಲ್ಯಾನ್ಸರ್ಸ್ ಪಡೆಗಳೊಂದಿಗೆ ಸೇರಿ ಇಂಪೀರಿಯಲ್ ಸರ್ವಿಸ್ ಅಶ್ವದಳದ ಬ್ರಿಗೇಡ್ ಆಗಿ 1914ರಲ್ಲಿಯೇ ಈಜಿಪ್ಟ್ ತಲುಪಿತು. ಸೂಯೆಜ್ ಕಾಲುವೆಯ ಕಾವಲಿನಿಂದ ಆರಂಭಿಸಿ, 1918ರ ಸೆಪ್ಟೆಂಬರ್ 23ರಂದು, ಆ ವರ್ಷ ಫ್ರಾನ್ಸಿನಿಂದ ಬಂದು ಸೇರಿದ ಜೋಧಪುರ ಲ್ಯಾನ್ಸರ್ಸ್ ಪಡೆಯೊಂದಿಗೆ ಹೈಫಾ ಪಟ್ಟಣವನ್ನು ವಶಪಡಿಸಿಕೊಳ್ಳುವವರೆಗೆ ಅದು ಅಲ್ಲಿತ್ತು. ಬೆಂಗಳೂರಿನ ಜೆ.ಸಿ. ನಗರದ ಬಳಿ ಮುನಿರೆಡ್ಡಿ ಪಾಳ್ಯದಲ್ಲಿರುವ ಸ್ಮಾರಕ ಈ ಪಡೆಯದೇ. ನಕ್ಷೆಗಳನ್ನು ಸಾಮಾನ್ಯವಾಗಿ ಅಧಿಕಾರಿಗಳಿಗೆ ಮಾತ್ರ ಕೊಡುತ್ತಿದ್ದರು, ಪ್ರತಿಯೊಬ್ಬ ಸವಾರನಿಗೂ ಅಲ್ಲ. ಹಾಗಾಗಿ ನಿಮ್ಮ ಮುತ್ತಾತ ಅಧಿಕಾರಿಯಾಗಿದ್ದರೆ ಅದು ಅವರ ಸ್ವಂತ ಬಳಕೆಯದೇ ಇರಬಹುದು, ಸವಾರರಾಗಿದ್ದರೆ ಯಾರದೋ ನಕ್ಷೆ ನೆನಪಿಗೆಂದು ಅವರ ಕೈ ಸೇರಿರಬಹುದು. ಇದನ್ನು ತೀರ್ಮಾನಿಸಲು ಕುಟುಂಬದ ಮಾತಿಗಿಂತ ಅವರ ಸೇವಾ ದಾಖಲೆ, ಪದಕದ ಅಂಚಿನಲ್ಲಿ ಕೆತ್ತಿರುವ ಹುದ್ದೆ ಮತ್ತು ಹೆಸರು ಹೆಚ್ಚು ನಂಬಲರ್ಹ.

ಪ್ಯಾಲೆಸ್ಟೈನಿನ ಯುದ್ಧ ನಕ್ಷೆಗಳಿಗೆ ಒಂದು ಹಿನ್ನೆಲೆಯಿದೆ. ಪ್ಯಾಲೆಸ್ಟೈನ್ ಎಕ್ಸ್‌ಪ್ಲೊರೇಷನ್ ಫಂಡ್ ಎಂಬ ಸಂಸ್ಥೆಗಾಗಿ ಕಾಂಡರ್, ಕಿಚನರ್ ಮುಂತಾದ ಸೈನ್ಯದ ಎಂಜಿನಿಯರುಗಳು 1871ರಿಂದ 1877ರವರೆಗೆ ಪಶ್ಚಿಮ ಪ್ಯಾಲೆಸ್ಟೈನನ್ನು ಅಳೆದರು. ಮೈಲಿಗೆ ಒಂದು ಇಂಚಿನ ಪ್ರಮಾಣದ ಆ ನಕ್ಷೆ 1880ರಲ್ಲಿ 26 ಹಾಳೆಗಳಾಗಿ ಪ್ರಕಟವಾಯಿತು. ಯುದ್ಧ ಬಂದಾಗ ಬ್ರಿಟಿಷರ ಕೈಯಲ್ಲಿದ್ದ ಮುಖ್ಯ ಆಧಾರ ಇದೇ. ಕೈರೋದಲ್ಲಿದ್ದ ಸರ್ವೆ ಆಫ್ ಈಜಿಪ್ಟ್ ಅದನ್ನು ಬಳಸಿಕೊಂಡು ಹೊಸ ಹಾಳೆಗಳನ್ನು ಅಚ್ಚು ಮಾಡಿತು. ಬ್ರಿಟಿಷ್ ಸೈನ್ಯದ ಎಂಜಿನಿಯರ್ ದಳವಾದ ರಾಯಲ್ ಎಂಜಿನಿಯರ್ಸ್‌ನ 7ನೇ ಫೀಲ್ಡ್ ಸರ್ವೆ ಕಂಪನಿ, ವಿಮಾನದಿಂದ ತೆಗೆದ ಚಿತ್ರಗಳ ಸಹಾಯದಿಂದ ತುರ್ಕರ ರಕ್ಷಣಾ ಸಾಲುಗಳನ್ನು ಗುರುತಿಸಿ ಇನ್ನೂ ದೊಡ್ಡ ಪ್ರಮಾಣದ ನಕ್ಷೆಗಳನ್ನು ತಯಾರಿಸಿತು. (1914ರ ಆರಂಭದಲ್ಲಿ ದಕ್ಷಿಣದ ಮರುಭೂಮಿಯನ್ನು ಪುರಾತತ್ವದ ನೆಪದಲ್ಲಿ ಅಳೆದ ತಂಡದಲ್ಲಿ ಮುಂದೆ ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಕೂಡ ಇದ್ದರು. ಯುದ್ಧ ಶುರುವಾದ ಮೇಲೆ ಕೈರೋದಲ್ಲಿ ಅವರಿಗೆ ಮೊದಲು ಸಿಕ್ಕ ಕೆಲಸಗಳಲ್ಲಿ ನಕ್ಷೆಯ ಕೆಲಸವೂ ಒಂದು.) ನಿಮ್ಮ ಹಾಳೆಯ ಕೆಳಗಿನ ಅಂಚಿನಲ್ಲಿ ಸರ್ವೆ ಆಫ್ ಈಜಿಪ್ಟ್ ಎಂದಿದೆಯೇ, ಫೀಲ್ಡ್ ಸರ್ವೆ ಕಂಪನಿ ಎಂದಿದೆಯೇ, ಲಂಡನ್ನಿನ ವಾರ್ ಆಫೀಸ್ ಎಂದಿದೆಯೇ ನೋಡಿ. ಮೊದಲ ಎರಡರಲ್ಲಿ ಒಂದಾಗಿದ್ದು, 1917 ಅಥವಾ 1918ರ ತಿಂಗಳು ಸಹಿತ ತಾರೀಖು ಇದ್ದರೆ, ನಿಮ್ಮ ಬಳಿ ಇರುವುದು ಯುದ್ಧರಂಗದಲ್ಲಿಯೇ ಬಳಕೆಗೆಂದು ಹುಟ್ಟಿದ ಹಾಳೆ.

ಕೊಳ್ಳಲು ಹೊರಡುವ ಮೊದಲು ಈ ‘ಅಂಚು ಓದುವ’ ಅಭ್ಯಾಸವನ್ನು ರೂಢಿಸಿಕೊಳ್ಳಿ. ಹೊಸಬರು ಚಿತ್ರವನ್ನು ನೋಡುತ್ತಾರೆ, ಬಣ್ಣಕ್ಕೆ, ಹಳದಿಗಟ್ಟಿದ ಕಾಗದಕ್ಕೆ ಮಾರುಹೋಗುತ್ತಾರೆ. ಯುದ್ಧದ ನಕ್ಷೆಯ ಬೆಲೆಯನ್ನು ನಿರ್ಧರಿಸುವುದು ಅದರ ವಯಸ್ಸೂ ಅಲ್ಲ, ಅಂದವೂ ಅಲ್ಲ. ಅದು ಯಾವ ಸ್ಥಳವನ್ನು ಯಾವ ವಾರದ ಸ್ಥಿತಿಯಲ್ಲಿ ತೋರಿಸುತ್ತದೆ, ಅದನ್ನು ಆ ವಾರ ಯಾರಾದರೂ ನಿಜಕ್ಕೂ ಬಳಸಿದ್ದರೋ ಇಲ್ಲವೋ ಎಂಬುದೇ ಮುಖ್ಯ. ಮೊದಲನೆಯ ಪ್ರಶ್ನೆಗೆ ಅಂಚು ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಮಡಿಕೆ.

ಮೊದಲ ಮಹಾಯುದ್ಧದ ಪಶ್ಚಿಮ ರಂಗದ (ಫ್ರಾನ್ಸ್, ಬೆಲ್ಜಿಯಂ) ಕಂದಕ ನಕ್ಷೆಗಳನ್ನು, ಅಂದರೆ ಟ್ರೆಂಚ್ ಮ್ಯಾಪ್‌ಗಳನ್ನು, ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬ್ರಿಟಿಷರು ಆ ರಂಗಕ್ಕಾಗಿ ಮೂರು ಕೋಟಿಗೂ ಹೆಚ್ಚು ಹಾಳೆಗಳನ್ನು ಅಚ್ಚು ಹಾಕಿದರು. ಬಹುಪಾಲು ಸೌತಾಂಪ್ಟನ್ನಿನ ಆರ್ಡ್‌ನೆನ್ಸ್ ಸರ್ವೆಯಲ್ಲಿ, ಒಂದಷ್ಟು ಫ್ರಾನ್ಸಿನಲ್ಲೇ ಸೈನ್ಯದ ಅಚ್ಚುಕೂಟಗಳಲ್ಲಿ. ಅಷ್ಟೊಂದು ಅಚ್ಚಾದ ವಸ್ತು ಸಾರಾಸಗಟಾಗಿ ಅಪರೂಪ ಎನ್ನುವ ಮಾರಾಟಗಾರನ ಮಾತನ್ನು ನಂಬಲಾಗದು. ಆದರೆ ಅವುಗಳಲ್ಲಿ ಕೆಲವು ನಿಜಕ್ಕೂ ಅಪರೂಪ. ಹಾಳೆಯ ಮೂಲೆಯಲ್ಲಿ ಜಿ.ಎಸ್.ಜಿ.ಎಸ್. ಎಂಬ ಅಕ್ಷರಗಳ ಜೊತೆ ಒಂದು ಸಂಖ್ಯೆ ಇರುತ್ತದೆ. ಅದು ಬ್ರಿಟಿಷ್ ಸೇನಾ ಮುಖ್ಯಸ್ಥರ ಕಚೇರಿಯ ಭೂಗೋಳ ವಿಭಾಗದ ಸರಣಿ ಸಂಖ್ಯೆ. 2743 ಎಂದಿದ್ದರೆ 1:40,000 ಪ್ರಮಾಣದ ಸಾಮಾನ್ಯ ಬಳಕೆಯ ಹಾಳೆ. 2742 ಎಂದರೆ 1:20,000. 3062 ಎಂದರೆ 1:10,000, ಅಂದರೆ ಕಂದಕದೊಳಗಿದ್ದವರಿಗೇ ಬೇಕಾಗುವಷ್ಟು ವಿವರದ್ದು. ಜೊತೆಗೆ ‘57ಡಿ ಎಸ್.ಇ.’, ‘28 ಎನ್.ಡಬ್ಲ್ಯು.’ ಎಂಬಂಥ ಹಾಳೆಯ ಗುರುತು (ಎಸ್.ಇ. ಎಂದರೆ ಹಾಳೆಯ ಆಗ್ನೇಯ ಭಾಗ, ಎನ್.ಡಬ್ಲ್ಯು. ಎಂದರೆ ವಾಯವ್ಯ), ಆವೃತ್ತಿಯ ಸಂಖ್ಯೆ, ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಒಂದು ಸಾಲು: ಕಂದಕಗಳನ್ನು ಇಂಥ ತಾರೀಖಿನವರೆಗೆ ತಿದ್ದಲಾಗಿದೆ. ಈ ತಾರೀಖಿಲ್ಲದ ಅಥವಾ ಅದನ್ನು ಕತ್ತರಿಸಿ ಹಾಕಿದ ಹಾಳೆಗೆ, ಉಳಿದಂತೆ ಎಷ್ಟೇ ಚೆನ್ನಾಗಿದ್ದರೂ, ನಾನು ಅರ್ಧ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ. ಫ್ರಾನ್ಸಿನ ಸೊಮ್ ಕದನ 1916ರ ಜುಲೈ 1ರಂದು ಆರಂಭವಾಯಿತು. ಅದಕ್ಕೆ ಕೆಲವೇ ವಾರ ಮೊದಲು ತಿದ್ದಿದ, ಆ ಕದನಭೂಮಿಯನ್ನು ತೋರಿಸುವ 57ಡಿ ಎಸ್.ಇ. ಹಾಳೆಗೂ 1918ರಲ್ಲಿ ತಿದ್ದಿದ ಅದೇ ಹಾಳೆಗೂ ಬೆಲೆಯಲ್ಲಿ ಅಜಗಜಾಂತರ ವ್ಯತ್ಯಾಸವಿರಲು ಕಾರಣ ಆ ಒಂದು ಸಾಲು.

ಬಣ್ಣವೂ ತಾರೀಖಿಗೆ ಸಾಕ್ಷಿ ಹೇಳುತ್ತದೆ. 1918ರ ಆರಂಭದವರೆಗೆ ಬ್ರಿಟಿಷ್ ನಕ್ಷೆಗಳಲ್ಲಿ ಜರ್ಮನ್ ಕಂದಕಗಳು ಕೆಂಪು, ತಮ್ಮವು ನೀಲಿ. ಆಮೇಲೆ ಫ್ರೆಂಚರ ಪದ್ಧತಿಗೆ ಹೊಂದಿಸಲು ಇದನ್ನು ತಿರುವುಮುರುವು ಮಾಡಿದರು. ಹಾಗಾಗಿ 1916ರ ಹಾಳೆಯೊಂದನ್ನು ತೋರಿಸಿ ‘ಕೆಂಪು ಗೆರೆಗಳೆಲ್ಲ ಬ್ರಿಟಿಷರ ಕಂದಕಗಳು’ ಎಂದು ವಿವರಿಸುವ ಮಾರಾಟಗಾರನಿಗೆ ತಾನು ಮಾರುತ್ತಿರುವುದೇನೆಂದು ಗೊತ್ತಿಲ್ಲ. ಇನ್ನೊಂದು ಸಂಗತಿ: ನಕ್ಷೆ ಶತ್ರುವಿನ ಕೈಗೆ ಸಿಕ್ಕೀತೆಂಬ ಭಯದಿಂದ ಸಾಮಾನ್ಯ ಆವೃತ್ತಿಗಳಲ್ಲಿ ತಮ್ಮ ಕಂದಕಗಳ ಪೈಕಿ ಮುಂಚೂಣಿಯ ಸಾಲನ್ನು ಮಾತ್ರ ತೋರಿಸಿ, ಅದರ ಹಿಂದಿನ ಜಾಲವನ್ನು ಬಿಟ್ಟುಬಿಡುತ್ತಿದ್ದರು. ಎರಡೂ ಕಡೆಯ ಕಂದಕಗಳನ್ನು ಪೂರ್ತಿ ತೋರಿಸುವ ಹಾಳೆಗಳ ಮೇಲೆ ‘ಸೀಕ್ರೆಟ್’ ಎಂದು ಅಚ್ಚಾಗಿರುತ್ತದೆ. ಅವು ಕಡಿಮೆ ಸಂಖ್ಯೆಯಲ್ಲಿ ಹೊರಬಂದವು, ಮುಂಚೂಣಿಗೆ ಒಯ್ಯಲು ಅವಕಾಶವಿರಲಿಲ್ಲ. ಅದಕ್ಕೇ ಈಗ ಅವುಗಳಿಗೆ ಬೇಡಿಕೆ.

ಹಾಳೆಯ ಮೇಲಿನ ಚೌಕಗಳನ್ನು ಓದಲು ಕಲಿತರೆ ಕೈಬರಹವನ್ನು ಪರೀಕ್ಷಿಸುವ ಶಕ್ತಿ ತಾನಾಗಿ ಬರುತ್ತದೆ. ಪ್ರತಿ ಹಾಳೆಯನ್ನು ಎ ಯಿಂದ ಎಕ್ಸ್‌ವರೆಗೆ 24 ದೊಡ್ಡ ಭಾಗಗಳಾಗಿಯೂ, ಪ್ರತಿ ಭಾಗವನ್ನು ಸಾವಿರ ಗಜದ 30 ಅಥವಾ 36 ಚೌಕಗಳಾಗಿಯೂ, ಪ್ರತಿ ಚೌಕವನ್ನು ಎ, ಬಿ, ಸಿ, ಡಿ ಎಂಬ ಐನೂರು ಗಜದ ನಾಲ್ಕು ಕಾಲುಭಾಗಗಳಾಗಿಯೂ ವಿಂಗಡಿಸುತ್ತಿದ್ದರು. ‘57ಡಿ.ಕ್ಯೂ.10.ಬಿ.4.6’ ಎಂದು ಯಾರಾದರೂ ಬರೆದಿದ್ದರೆ, 57ಡಿ ಹಾಳೆಯ ಕ್ಯೂ ಭಾಗದ 10ನೇ ಚೌಕದ ಬಿ ಕಾಲುಭಾಗದಲ್ಲಿ, ಅದರ ನೈರುತ್ಯ ಮೂಲೆಯಿಂದ ಪೂರ್ವಕ್ಕೆ ಹತ್ತರಲ್ಲಿ ನಾಲ್ಕು ಪಾಲು, ಉತ್ತರಕ್ಕೆ ಹತ್ತರಲ್ಲಿ ಆರು ಪಾಲು ಹೋಗಬೇಕು. ಒಂದು ಪಾಲು ಎಂದರೆ 50 ಗಜ. ಈ ಚೌಕ ಇರುವುದು ಬೋಮೊಂ-ಅಮೆಲ್ ಎಂಬ ಹಳ್ಳಿಯ ಬಳಿ. ಜುಲೈ 1ರ ಬೆಳಿಗ್ಗೆ 7 ಗಂಟೆ 20 ನಿಮಿಷಕ್ಕೆ ಹಾಥಾರ್ನ್ ದಿಬ್ಬದ ಕೆಳಗಿನ ಸುರಂಗ ಸಿಡಿದದ್ದು ಅಲ್ಲಿಯೇ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಇಂಥ ಸ್ಥಾನಸೂಚಿಯೊಂದು ನಕ್ಷೆಯಲ್ಲಿ ಸುತ್ತು ಹಾಕಿದ ಜಾಗಕ್ಕೆ ಸರಿಯಾಗಿ ಹೊಂದಿದರೆ ಅದು ಒಳ್ಳೆಯ ಲಕ್ಷಣ. ಹೊಂದದಿದ್ದರೆ, ಬರೆದವನಿಗೆ ಪದ್ಧತಿ ಗೊತ್ತಿರಲಿಲ್ಲ ಎಂದೇ ಅರ್ಥ. ಯುದ್ಧದಲ್ಲಿದ್ದ ಅಧಿಕಾರಿಗೆ ಅದು ಗೊತ್ತಿಲ್ಲದಿರುವುದು ಕಷ್ಟ.

ಈಗ ಮಡಿಕೆಯ ಮಾತು. ಕೈಗುರುತುಗಳಿರುವ ಹಾಳೆ ಬರಿಯ ಹಾಳೆಗಿಂತ ಹಲವು ಪಟ್ಟು ಬೆಲೆ ಬಾಳುವುದರಿಂದ, ಅಗ್ಗದ ಅಸಲಿ ಹಾಳೆಯ ಮೇಲೆ ಇಂದು ಗೆರೆ ಎಳೆದು ಮಾರುವವರೂ ಇದ್ದಾರೆ. ಅಚ್ಚು ಅಸಲಿ, ಕಾಗದ ಅಸಲಿ, ಗೆರೆ ಮಾತ್ರ ಹುಸಿ. ಇದನ್ನು ಹಿಡಿಯಲು ಗೆರೆಯೊಂದು ಸವೆದ ಮಡಿಕೆಯನ್ನು ದಾಟುವ ಜಾಗವನ್ನು ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿಯಲ್ಲಿ ನೋಡಬೇಕು. ಗೆರೆ ಮೊದಲು, ಸವೆತ ಆಮೇಲೆ ಎಂದಾದರೆ, ಮಡಿಕೆಯ ತುದಿಯಲ್ಲಿ ಕಾಗದದ ಮೇಲ್ಪದರ ಉದುರಿದಷ್ಟೂ ಅಗಲಕ್ಕೆ ಗೆರೆಯೂ ಉದುರಿ, ನಡುವೆ ಬೆಳ್ಳಗಿನ ಅಂತರ ಬಿದ್ದಿರುತ್ತದೆ. ಕೆಳಗಿನ ಬಟ್ಟೆಯ ನೂಲು ಬಣ್ಣವಿಲ್ಲದೆ ಕಾಣುತ್ತದೆ. ಸವೆತ ಮೊದಲು, ಗೆರೆ ಆಮೇಲೆ ಎಂದಾದರೆ, ಪೆನ್ಸಿಲಿನ ಬಣ್ಣ ಆ ಬಿರುಕಿನೊಳಕ್ಕೆ ಇಳಿದು, ನಾರಿಗೂ ನೂಲಿಗೂ ಹತ್ತಿಕೊಂಡಿರುತ್ತದೆ. ಬಟ್ಟೆಗೆ ಅಂಟಿಸಿದ ನಕ್ಷೆಗಳಲ್ಲಿ ಇನ್ನೊಂದು ಅನುಕೂಲವಿದೆ. ಅವುಗಳಲ್ಲಿ ಕೆಲವನ್ನು ಮೊದಲೇ ಸಮನಾದ ತುಂಡುಗಳಾಗಿ ಕತ್ತರಿಸಿ, ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಬಟ್ಟೆಗೆ ಅಂಟಿಸುತ್ತಿದ್ದರು, ಮಡಿಸಿದಾಗ ಕಾಗದ ಒಡೆಯಬಾರದೆಂದು. ಅಂಥ ನಕ್ಷೆಯ ಮೇಲೆ ಪೆನ್ಸಿಲ್ ಎಳೆದರೆ ಅದು ಸಂದಿನಲ್ಲಿ ತುಸು ಕುಗ್ಗಿ ಬಟ್ಟೆಗೂ ತಾಗುವುದು ಸಹಜ. ಅಲ್ಲಿ ಬಟ್ಟೆಯ ಮೇಲೆ ಬಣ್ಣ ಕಂಡ ಮಾತ್ರಕ್ಕೆ ಗೆರೆ ಹುಸಿ ಎನ್ನಲಾಗದು. ಆ ಬಣ್ಣದ ಮೇಲೆ ಹಳೆಯ ಕೊಳೆ ಕೂತಿದೆಯೋ, ಕೊಳೆಯ ಮೇಲೆ ಬಣ್ಣ ಕೂತಿದೆಯೋ ಎಂಬುದನ್ನು ನೋಡಬೇಕು. ನಿಮ್ಮ ಮನೆಯ ನಕ್ಷೆಯಲ್ಲೇ ಇದನ್ನೆಲ್ಲ ನೋಡಿ ಕಣ್ಣು ಪಳಗಿಸಿಕೊಳ್ಳಿ. ಟ್ರಂಕಿನಿಂದ ಹೊರಗೆ ಬರದ, ಯಾರ ಕೈಯೂ ತಿದ್ದದ ನಕ್ಷೆ ಅಭ್ಯಾಸಕ್ಕೆ ಸಿಗುವುದು ಅದೃಷ್ಟ.

ಪೂರ್ತಿ ನಕಲು ಹಾಳೆಗಳನ್ನು ಹಿಡಿಯುವುದು ಇದಕ್ಕಿಂತ ಸುಲಭ. ಅಂದಿನ ನಕ್ಷೆಗಳನ್ನು ಕಲ್ಲಚ್ಚಿನ ವಿಧಾನದಲ್ಲಿ, ಸಾಮಾನ್ಯವಾಗಿ ಸತುವಿನ ತಗಡಿನಿಂದ, ಪ್ರತಿ ಬಣ್ಣಕ್ಕೂ ಒಂದೊಂದು ಸಲ ಅಚ್ಚು ಹಾಕುತ್ತಿದ್ದರು. ಹಾಗಾಗಿ ಕಂದು ಬಣ್ಣದ ಸಮೋನ್ನತಿ ರೇಖೆ ಭೂತಗನ್ನಡಿಯಲ್ಲಿ ಒಂದೇ ಕಂದು ಬಣ್ಣದ ಗಟ್ಟಿ ಗೆರೆಯಾಗಿಯೇ ಕಾಣಬೇಕು. ಅದು ಹಳದಿ, ಕೆಂಪು, ನೀಲಿ, ಕಪ್ಪು ಚುಕ್ಕೆಗಳ ಗುಂಪಾಗಿ ಒಡೆದರೆ ಅದು ಇತ್ತೀಚಿನ ಮರುಮುದ್ರಣ. ಎರಡನೆಯದಾಗಿ, 1950ರ ಸುಮಾರಿನಿಂದೀಚೆಗೆ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕಗಳನ್ನು ಸೇರಿಸುವುದು ಬಳಕೆಗೆ ಬಂತು; ನೋಟು ಪರೀಕ್ಷಿಸುವ ಸಣ್ಣ ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಅಂಥ ಕಾಗದ ನೀಲಿಬಿಳುಪಾಗಿ ಹೊಳೆಯುತ್ತದೆ, ಹಳೆಯ ಕಾಗದ ಮಂಕಾಗಿಯೇ ಇರುತ್ತದೆ. ಮೂರನೆಯದು ಕೊಳೆಯ ಹಂಚಿಕೆ. ಮಡಿಸಿಟ್ಟ ನಕ್ಷೆಯಲ್ಲಿ ಹೊರಗೆ ಕಾಣುವ ಒಂದೆರಡು ಭಾಗಗಳು ಮಾತ್ರ ಮಾಸಿ, ಒಳಗಿನವು ತಕ್ಕಮಟ್ಟಿಗೆ ಸ್ವಚ್ಛವಾಗಿರಬೇಕು. ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದ ಹಾಳೆ ಎಲ್ಲೆಡೆ ಒಂದೇ ಸಮನಾಗಿ ಹಳದಿಯಾಗಿರುತ್ತದೆ. ಸಂಗ್ರಹಾಲಯಗಳ ಅಂಗಡಿಗಳಲ್ಲಿ ಪ್ರಾಮಾಣಿಕವಾಗಿ ಮಾರಾಟವಾದ ಮರುಮುದ್ರಣಗಳೇ ಅಂಚಿನ ಸಾಲು ಕತ್ತರಿಸಿಕೊಂಡು ಅಸಲಿಯ ವೇಷದಲ್ಲಿ ಮಾರುಕಟ್ಟೆಗೆ ಮರಳುವುದೂ ಉಂಟು. ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಮತ್ತು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಕಂದಕ ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿವೆ. ಕೊಳ್ಳುವ ಮೊದಲು ಅದೇ ಹಾಳೆಯ ಅದೇ ಆವೃತ್ತಿಯನ್ನು ಅಲ್ಲಿ ತೆರೆದು ಅಂಚಿನಿಂದ ಅಂಚಿಗೆ ಹೋಲಿಸಿ ನೋಡದೆ ದುಡ್ಡು ಕೊಡಬೇಡಿ.

ಎರಡನೆಯ ಮಹಾಯುದ್ಧದ ನಕ್ಷೆಗಳಲ್ಲಿ ಎಲ್ಲರನ್ನೂ ಸೆಳೆಯುವುದು ರೇಷ್ಮೆ ನಕ್ಷೆಗಳು. ಶತ್ರುನೆಲದಲ್ಲಿ ಬಿದ್ದ ವಿಮಾನ ಸಿಬ್ಬಂದಿ ಮತ್ತು ಯುದ್ಧಕೈದಿಗಳು ತಪ್ಪಿಸಿಕೊಂಡು ಬರಲೆಂದು ಬ್ರಿಟನ್ 1939ರ ಡಿಸೆಂಬರಿನಲ್ಲಿ ಎಂ.ಐ.9 ಎಂಬ ಗುಪ್ತ ಶಾಖೆಯನ್ನು ತೆರೆಯಿತು. ಅದರಲ್ಲಿದ್ದ ಕ್ರಿಸ್ಟೋಫರ್ ಕ್ಲೇಟನ್ ಹಟನ್, ಎಡಿನ್‌ಬರೋದ ಬಾರ್ಥಲೊಮ್ಯೂ ನಕ್ಷೆ ಸಂಸ್ಥೆಯಿಂದ ನಕ್ಷೆಗಳನ್ನು ಪಡೆದು, ಲೀಡ್ಸ್‌ನ ವ್ಯಾಡಿಂಗ್ಟನ್ ಮುದ್ರಣಾಲಯದಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಿಸಿದರು. ಸದ್ದು ಮಾಡಬಾರದು, ನೀರಿಗೆ ಕರಗಬಾರದು, ಮುಷ್ಟಿಯೊಳಗೆ ಅಡಗಬೇಕು. ಮೊದಮೊದಲು ಶಾಯಿ ಬಟ್ಟೆಯಲ್ಲಿ ಹರಡುತ್ತಿತ್ತು. ಶಾಯಿಗೆ ಪೆಕ್ಟಿನ್ (ಹಣ್ಣಿನ ಜಾಮನ್ನು ಗಟ್ಟಿಯಾಗಿಸುವ ವಸ್ತು) ಸೇರಿಸಿದ ಮೇಲೆ ಗೆರೆ ಗಟ್ಟಿಯಾಗಿ ನಿಂತಿತು. ಎಲ್ಲವನ್ನೂ ರೇಷ್ಮೆ ನಕ್ಷೆ ಎಂದು ಕರೆದರೂ ಇವುಗಳಲ್ಲಿ ದೊಡ್ಡ ಪಾಲು ರೇಯಾನ್ ಎಂಬ ಕೃತಕ ರೇಷ್ಮೆಯ ಬಟ್ಟೆಯವು. ಅಮೆರಿಕದ ವಾಯುಪಡೆಯ ಬಟ್ಟೆ ನಕ್ಷೆಗಳಂತೂ ರೇಯಾನಿನವೇ. ಪಶ್ಚಿಮ ಯೂರೋಪಿನ 43ಸಿ ಮತ್ತು 43ಡಿ ನಕ್ಷೆಗಳು ಒಂದೇ ಬಟ್ಟೆಯ ಎರಡು ಮಗ್ಗುಲಲ್ಲಿ ಅಚ್ಚಾಗಿ ಇಂದಿಗೂ ಸುಲಭವಾಗಿ ಸಿಗುತ್ತವೆ. ಹೊಸಬರಿಗೆ ಒಳ್ಳೆಯ ಆರಂಭ. ಯುದ್ಧದ ಬಳಿಕ ಉಳಿಕೆಯನ್ನು ಸರ್ಕಾರ ಮಾರಿತು, ಬಟ್ಟೆಗೆ ರೇಷನ್ ಇದ್ದ ಕಾಲದಲ್ಲಿ ಹೆಂಗಸರು ಅವುಗಳಿಂದ ಉಡುಪು ಹೊಲಿಸಿಕೊಂಡರು. ಆದ್ದರಿಂದ ಹೊಲಿಗೆಯ ತೂತುಗಳು ಕಂಡರೆ ಬೆಚ್ಚಬೇಕಿಲ್ಲ. ಇಲ್ಲಿ ನೇರಳಾತೀತ ಪರೀಕ್ಷೆಯನ್ನು ಹುಷಾರಾಗಿ ಬಳಸಿ: ಇತ್ತೀಚಿನ ಡಿಟರ್ಜೆಂಟಿನಲ್ಲಿ ಒಮ್ಮೆ ಒಗೆದ ಅಸಲಿ ನಕ್ಷೆಯೂ ಹೊಳೆಯುತ್ತದೆ. ನೂಲು ಕಿತ್ತು ಸುಟ್ಟು ನೋಡಿ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಇನ್ನು, ಬ್ರಿಟನ್ನಿನಲ್ಲಿ ಮೊನೊಪೊಲಿ ಆಟದ ಪರವಾನಗಿ ವ್ಯಾಡಿಂಗ್ಟನ್ ಬಳಿಯೇ ಇತ್ತಾದ್ದರಿಂದ, ಆಟದ ಹಲಗೆಯೊಳಗೆ ಅಡಗಿಸಿದ ನಕ್ಷೆಗಳ ಕಥೆ ಎಲ್ಲರ ಬಾಯಲ್ಲೂ ಇದೆ. ‘ಅಂಥ ಪೆಟ್ಟಿಗೆ ನನ್ನ ಬಳಿ ಇದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ನಾರ್ಮಂಡಿ ದಾಳಿಗೆಂದು 1944ರಲ್ಲಿ ತಯಾರಾದ, ‘ಬಿಗಟ್’ ಎಂಬ ಅತಿ ಗುಪ್ತ ಮೊಹರಿನ ಹಾಳೆಗಳಿಗೆ ಈಗ ವಿಪರೀತ ಬೇಡಿಕೆಯಿದೆ, ಅಷ್ಟೇ ನಕಲುಗಳೂ ಇವೆ. ಮೊದಲ ಖರೀದಿಯೇ ಅದಾಗುವುದು ಬೇಡ. ಅದೇ ದಾಳಿಯ ಜಿ.ಎಸ್.ಜಿ.ಎಸ್. 4250 ಸರಣಿಯ 1:50,000 ಹಾಳೆಗಳು, 4347 ಸರಣಿಯ 1:25,000 ಹಾಳೆಗಳು ಮಿತವಾದ ಬೆಲೆಗೆ ಸಿಗುತ್ತವೆ. ನಮ್ಮಲ್ಲಿ ಮಾರಾಟಕ್ಕೆ ಬರುವ ಇನ್ನೊಂದು ಬಗೆಯ ಬಗ್ಗೆ ಎಚ್ಚರಿಸಬೇಕು. ಅಮೆರಿಕದ ಸೇನೆಯ ನಕ್ಷೆ ವಿಭಾಗ ಅಚ್ಚು ಹಾಕಿದ ಭಾರತದ 1:250,000 ಹಾಳೆಗಳನ್ನು, ಯು502 ಸರಣಿಯವನ್ನು, ‘ವಿಶ್ವಯುದ್ಧದ ನಕ್ಷೆ’ ಎಂದು ಮಾರುತ್ತಾರೆ. ಆ ಸರಣಿ 1950ರ ದಶಕದ್ದು. ಅಂಚಿನ ಒಂದು ಸಾಲು ಓದಿದ್ದರೆ ಮಾರುವವರಿಗೂ ಕೊಳ್ಳುವವರಿಗೂ ತಿಳಿಯುತ್ತಿತ್ತು.

ನಮ್ಮ ಓದುಗರಿಗೆ ಹೆಚ್ಚು ದಕ್ಕುವ, ಹೊರಗಿನವರು ಅಷ್ಟಾಗಿ ಗಮನಿಸದ ಕ್ಷೇತ್ರವೆಂದರೆ ಸರ್ವೆ ಆಫ್ ಇಂಡಿಯಾದ ಯುದ್ಧಕಾಲದ ಹಾಳೆಗಳು. ಇವುಗಳ ಸಂಖ್ಯೆಯ ಕ್ರಮ ಸರಳ. ನಾಲ್ಕು ಡಿಗ್ರಿಯ ಚೌಕಕ್ಕೆ ಒಂದು ಅಂಕಿ, ಅದರೊಳಗೆ ಒಂದು ಡಿಗ್ರಿಯ ಚೌಕಕ್ಕೆ ಎ ಯಿಂದ ಪಿ ವರೆಗಿನ ಒಂದು ಅಕ್ಷರ, ಅದರೊಳಗೆ ಒಂದು ಇಂಚಿನ ಹಾಳೆಗೆ 1ರಿಂದ 16ರವರೆಗಿನ ಅಂಕಿ. ಬೆಂಗಳೂರಿನದು 57 ಎಚ್/9. ಹಾಗೆಯೇ 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಕದನ ನಡೆದ ಕೊಹಿಮಾ 83 ಕೆ/2ರಲ್ಲಿದೆ. 83, 84 ಎಂದು ಆರಂಭವಾಗುವ, 1942ರಿಂದ 1945ರ ನಡುವೆ ಅಚ್ಚಾದ, ಸೈನ್ಯದ ಗ್ರಿಡ್ ಗೆರೆಗಳಿರುವ ಹಾಳೆಗಳು ಬರ್ಮಾ ರಂಗಕ್ಕೆ ಸಂಬಂಧಿಸಿದವು. ಇಲ್ಲಿ ಎಡವುವುದು ಎಲ್ಲಿ ಎಂದರೆ, ಇಂಥ ಹಾಳೆಯ ತಲೆಯಲ್ಲಿ ಅಳತೆ ನಡೆದ ವರ್ಷ ದೊಡ್ಡದಾಗಿ ಇರುತ್ತದೆ, 1911-12 ಎಂದೋ 1920-21 ಎಂದೋ. ಅದನ್ನೇ ನಕ್ಷೆಯ ವಯಸ್ಸೆಂದು ತಿಳಿದು ‘ನೂರು ವರ್ಷದ ನಕ್ಷೆ’ ಎಂದು ಮಾರುತ್ತಾರೆ. ನೋಡಬೇಕಾದದ್ದು ಕೆಳಗಿನ ಅಂಚಿನ ಸಣ್ಣ ಅಕ್ಷರಗಳ ರಿಜಿಸ್ಟರ್ ಸಂಖ್ಯೆಯ ಸಾಲು. ಅದರಲ್ಲಿ ಎರಡಂಕಿಯಲ್ಲಿ ಮುದ್ರಣದ ವರ್ಷವಿರುತ್ತದೆ, ಎಚ್.ಎಲ್.ಒ. ಎಂದಿದ್ದರೆ ಡೆಹರಾಡೂನಿನ ಹಾಥಿಬರ್ಕಲಾ ಮುದ್ರಣಾಲಯ, ಪಿ.ಝೆಡ್.ಒ. ಎಂದಿದ್ದರೆ ಸತುವಿನ ತಗಡಿನ ಛಾಯಾಮುದ್ರಣ ಕಚೇರಿ. ಸರ್ವೇಯರ್ ಜನರಲ್ ಎಂದು ಕರ್ನಲ್ ಸರ್ ಎಸ್.ಜಿ. ಬರ‍್ರಾರ್ಡ್ ಹೆಸರಿದ್ದರೆ ಆ ಮುದ್ರಣ 1911ರಿಂದ 1919ರ ನಡುವಿನದು. ಮೊದಲ ಮಹಾಯುದ್ಧದ ಮೆಸೊಪೊಟೇಮಿಯಾ (ಇಂದಿನ ಇರಾಕ್) ರಂಗಕ್ಕೂ ನಕ್ಷೆ ಒದಗಿಸಿದ್ದು ಬಹುಪಾಲು ಇದೇ ಸಂಸ್ಥೆಯವರೇ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ, ಎಂಜಿನಿಯರ್ ಮನೆತನಗಳು ರದ್ದಿಗೆ ಹಾಕಿದ ಕಂತೆಗಳಲ್ಲಿ ಇಂಥ ಟೊಪೋಶೀಟುಗಳು ಬರುತ್ತವೆ. ರದ್ದಿಯವರಿಗೆ ಇದು ಬರೀ ದೊಡ್ಡ ಕಾಗದ.

ಮೈಸೂರು ಯುದ್ಧಗಳ ನಕ್ಷೆ ಬೇಕೆಂಬ ಆಸೆ ನಿಮಗೆ ಇಂದಲ್ಲ ನಾಳೆ ಹುಟ್ಟಿಯೇ ಹುಟ್ಟುತ್ತದೆ. ಮೇಜರ್ ಡಿರೋಮ್ 1793ರಲ್ಲಿಯೂ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿಯೂ ಲಂಡನ್ನಿನಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತಗಳಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಸಂಬಂಧಿಸಿದ ಮಡಿಕೆ ನಕ್ಷೆಗಳಿವೆ. ಇಂದು ಬಿಡಿಯಾಗಿ ಮಾರಾಟಕ್ಕಿರುವ ಹಲವು ಹಾಳೆಗಳು ಅಂಥ ಪುಸ್ತಕಗಳಿಂದ ಕಿತ್ತವು. ಒಂದು ಬದಿಯಲ್ಲಿ ಹೊಲಿಗೆಗೆ ಸಿಕ್ಕಿದ್ದ ಕಿರಿದಾದ ಪಟ್ಟಿ, ನೇರವಾಗಿ ಅಲಗಿನಿಂದ ಕತ್ತರಿಸಿದ ಹೊಸ ಅಂಚು, ಎದುರುಪುಟದ ಅಕ್ಷರಗಳ ಮಸುಕು ಛಾಯೆ ಇವು ಅದರ ಗುರುತು. ಕಿತ್ತದ್ದೆಲ್ಲ ಕದ್ದದ್ದಲ್ಲ, ಆದರೆ ಕದ್ದದ್ದೂ ಹೀಗೆಯೇ ಕಾಣುತ್ತದೆ. 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಕ್ಷೆ ವ್ಯಾಪಾರಿ ಫೋರ್ಬ್ಸ್ ಸ್ಮೈಲಿ ಸಿಕ್ಕಿಬಿದ್ದದ್ದು ನೆಲಕ್ಕೆ ಬಿದ್ದ ಸಣ್ಣ ಅಲಗೊಂದರಿಂದ; ಆಮೇಲೆ ಆತ ಹಲವು ಗ್ರಂಥಾಲಯಗಳಿಂದ 97 ನಕ್ಷೆಗಳನ್ನು ಕದ್ದಿದ್ದಾಗಿ ಒಪ್ಪಿಕೊಂಡ. ಗ್ರಂಥಾಲಯದ ಮೊಹರನ್ನು ಉಜ್ಜಿ ತೆಗೆದ ತೆಳು ಜಾಗ ಬೆಳಕಿಗೆ ಹಿಡಿದಾಗ ಕಂಡರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ನನ್ನ ಅಭಿಪ್ರಾಯದಲ್ಲಿ ಈ ಬಿಡಿಹಾಳೆಗಳಿಗಿಂತ, ದುಡ್ಡು ಕೂಡಿಸಿ, ನಕ್ಷೆಗಳೆಲ್ಲ ಸ್ಥಳದಲ್ಲೇ ಇರುವ ಇಡೀ ಪುಸ್ತಕವನ್ನು ಕೊಳ್ಳುವುದು ಸರಿ.

ಆರಂಭಕ್ಕೆ ಇನ್ನೂ ಒಂದು ಅಗ್ಗದ ದಾರಿಯಿದೆ: ಪತ್ರಿಕೆಗಳೂ ನಕ್ಷೆ ಕಂಪನಿಗಳೂ ಮನೆಯಲ್ಲಿ ಕೂತು ಯುದ್ಧ ಅನುಸರಿಸುವ ಜನರಿಗಾಗಿ ಹೊರತಂದ ನಕ್ಷೆಗಳು. ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಗೆ ಜಿಯಾಗ್ರಫಿಯಾ ಕಂಪನಿ ಮಾಡಿಕೊಟ್ಟ ಸರಣಿ ಪ್ರಸಿದ್ಧ. ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದ ಕಾಲದಲ್ಲಿಯೂ ಸ್ಟ್ಯಾನ್‌ಫರ್ಡ್, ಬೇಕನ್ ಮುಂತಾದವರು ಇಂಥವನ್ನು ತಂದರು. (ಆ ಯುದ್ಧದ ಕೈದಿಗಳನ್ನು ಬಳ್ಳಾರಿಯಲ್ಲಿಯೂ ಇರಿಸಿದ್ದರಿಂದ, ಆ ಕಡೆಯ ಸಂಗ್ರಾಹಕರಿಗೆ ಅವುಗಳಲ್ಲಿ ಬೇರೆಯದೇ ಆಸಕ್ತಿ.) ಇವುಗಳ ರಟ್ಟಿನ ಹೊದಿಕೆ, ಜೊತೆಗೆ ಕೊಟ್ಟ ಪುಟ್ಟ ಬಾವುಟಗಳು ಉಳಿದಿದ್ದರೆ ಬೆಲೆ ಹೆಚ್ಚು. ಹಾಳೆಯ ಮೇಲೆ ಸೂಜಿ ಚುಚ್ಚಿದ ರಂಧ್ರಗಳು ಒಂದು ಊರಿನಿಂದ ಇನ್ನೊಂದಕ್ಕೆ ಸರಿದಿರುವುದನ್ನು ಬೆಳಕಿಗೆ ಹಿಡಿದು ನೋಡಿದರೆ, ಆ ಮನೆಯವರು ಯಾವ ಸುದ್ದಿಯವರೆಗೆ ಯುದ್ಧವನ್ನು ಅನುಸರಿಸಿ ಕೈಬಿಟ್ಟರೆಂದು ಊಹಿಸಬಹುದು. ಒಂದೇ ತೊಂದರೆ, ಕಾಗದ ಕೀಳುದರ್ಜೆಯದು, ಹಪ್ಪಳದಂತೆ ಮುರಿಯುತ್ತದೆ.

ಕಾಪಾಡುವ ವಿಷಯದಲ್ಲಿ ನಮ್ಮ ಹವೆಗೆ ತಕ್ಕಂತೆ ನಡೆದುಕೊಳ್ಳಬೇಕು. ಮಡಿಕೆ ನಕ್ಷೆಯನ್ನು ಮಡಿಸಿಯೇ ಇಡಬೇಕೆಂಬ ನಿಯಮವೇನೂ ಇಲ್ಲ. ಕಾಗದದ ನಕ್ಷೆಗಳನ್ನು, ಜಾಗವಿದ್ದರೆ, ಬಿಡಿಸಿ ಆಮ್ಲರಹಿತ ಕಾಗದದ ನಡುವೆ ದೊಡ್ಡ ರಟ್ಟಿನ ಹೊದಿಕೆಯಲ್ಲಿ ಇಡುವುದು ಉತ್ತಮ. ಬಟ್ಟೆಗೆ ಅಂಟಿಸಿದವು ಮಡಿಕೆಯಲ್ಲೇ ಇರಲಿ, ಪದೇ ಪದೇ ಬಿಡಿಸದಿದ್ದರೆ ಸಾಕು. ನೋಡಲು ಇಡುವುದಾದರೆ ಪಾಲಿಯೆಸ್ಟರ್ ಹಾಳೆಯ ಲಕೋಟೆ ಬಳಸಿ, ಸ್ಟೇಷನರಿ ಅಂಗಡಿಯ ಪಿ.ವಿ.ಸಿ. ಫೈಲು ಬೇಡ. ಬಟ್ಟೆ ಅಂಟಿಸಲು ಬಳಸಿದ ಗಂಜಿ ಜಿರಲೆ, ಸಿಲ್ವರ್‌ಫಿಶ್ ಹುಳುಗಳಿಗೆ ಹಬ್ಬದೂಟ. ಅದಕ್ಕೆ ನುಸಿಗುಳಿಗೆ ಹಾಕುವುದಕ್ಕಿಂತ, ಪೆಟ್ಟಿಗೆಯನ್ನು ಗೋಡೆಯಿಂದ ದೂರ, ನೆಲದಿಂದ ಎತ್ತರದಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ತೆರೆದು ನೋಡುವುದು ಹೆಚ್ಚು ಫಲಕಾರಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಟ್ಟು, ತೇವಾಂಶವನ್ನು ಶೇಕಡ 50ರ ಆಸುಪಾಸಿನಲ್ಲಿಡಲು ಪ್ರಯತ್ನಿಸಬೇಕು, ಇಲ್ಲದಿದ್ದರೆ ಬೂಷ್ಟು ತಪ್ಪದು. ಹರಿದ ಜಾಗಕ್ಕೆ ಸೆಲ್ಲೊಟೇಪ್ ಅಂಟಿಸಿದರೆ ಕೆಲ ವರ್ಷಗಳಲ್ಲಿ ಕಂದು ಕಲೆ ಶಾಶ್ವತ. ಗೋಧಿಯ ಗಂಜಿ ಮತ್ತು ತೆಳುವಾದ ಜಪಾನಿ ಕಾಗದದಿಂದ ರಿಪೇರಿ ಮಾಡುವ ಸಂರಕ್ಷಣಾ ತಜ್ಞರಿದ್ದಾರೆ. ನೇರಳೆ ಬರಹದ ವಿಷಯವನ್ನು ಅವರಿಗೆ ಮೊದಲೇ ತಿಳಿಸಿ, ಏಕೆಂದರೆ ಗಂಜಿಯಲ್ಲೂ ನೀರಿದೆ.

ಕಾನೂನಿನ ಮಾತನ್ನು ಸಂಗ್ರಾಹಕರು ಬಹುಪಾಲು ಕೇಳುವುದೇ ಇಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ, ಐತಿಹಾಸಿಕ ಆಸಕ್ತಿಯ ವಸ್ತು ನೂರು ವರ್ಷ ದಾಟಿದರೆ ಪುರಾತನ ವಸ್ತುವಾಗುತ್ತದೆ. ಹಸ್ತಪ್ರತಿ, ದಾಖಲೆ, ಪತ್ರಗಳಿಗಾದರೆ 75 ವರ್ಷ ಸಾಕು. ಅಂಥವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು. ನಿಮ್ಮ ಮುತ್ತಾತನ ನಕ್ಷೆಯನ್ನು ವಿದೇಶಿ ಹರಾಜಿಗೆ ಅಂಚೆಯಲ್ಲಿ ಕಳಿಸಿಬಿಡೋಣವೆಂದು ಯಾರಾದರೂ ಸಲಹೆ ಕೊಟ್ಟರೆ ಇದನ್ನು ನೆನಪಿಡಿ. ವಿದೇಶದಲ್ಲಿರುವ ನೆಂಟರಿಗೆ ಉಡುಗೊರೆಯಾಗಿ ಕಳಿಸಲೂ ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಬೇಕು. ವಿದೇಶದಿಂದ ತರಿಸುವಾಗ, ಮುದ್ರಿತ ನಕ್ಷೆಗಳು ಸುಂಕದ ಪಟ್ಟಿಯಲ್ಲಿ 4905ನೇ ಶೀರ್ಷಿಕೆಗೂ ನೂರು ವರ್ಷ ಮೀರಿದ ಪುರಾತನ ವಸ್ತುಗಳು 9706ಕ್ಕೂ ಸೇರುತ್ತವೆ. ಮಾರಾಟಗಾರ ಬಿಲ್ಲಿನಲ್ಲಿ ಹಾಳೆಯ ಸಂಖ್ಯೆ, ಆವೃತ್ತಿ, ಮುದ್ರಣದ ವರ್ಷ ಮತ್ತು ತನಗೆ ಅದು ಎಲ್ಲಿಂದ ಬಂತೆಂಬುದನ್ನು ಸ್ಪಷ್ಟವಾಗಿ ಬರೆದುಕೊಡುವಂತೆ ದುಡ್ಡು ಕಳಿಸುವ ಮೊದಲೇ ಕೇಳಿ. ಸುಂಕದ ಅಧಿಕಾರಿಗೂ, ಮುಂದೆ ನಿಮ್ಮಿಂದ ಕೊಳ್ಳುವವರಿಗೂ ಬೇಕಾಗುವುದು ಆ ಕಾಗದವೇ.